ಹಳದಿ ರೇಡಿಯೋ

"ಬುದ್ಧಿ, ನನಗೆ ಕಾವಿ ಯಾವಾಗ ಕೊಡುತ್ತೀರಿ?" ಎಂದು ಮರಿದೇವ ಗುರುಗಳನ್ನು ಕೇಳಿದ.

ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಇನ್ನೂ ಬಿಳಿ ಬಟ್ಟೆಯನ್ನೇ ಉಡುತ್ತಿದ್ದ.

"ಬಂದವರೆಲ್ಲ ಕಾವಿ ಇರುವ ಕಡೆಗೇ ಹೋಗುತ್ತಾರೆ. ಕಾವಿ ಉಟ್ಟವರು ಹೇಳಿದ ಮಾತನ್ನೇ ನಾನು ಹೇಳಿದರೆ, ಊಟದ ಪಂಕ್ತಿ ಎಲ್ಲಿ ಅಂತ ಕೇಳಿಕೊಂಡು ಎದ್ದುಹೋಗುತ್ತಾರೆ. ಬಣ್ಣವಿಲ್ಲದೆ ಜನ ಕಿವಿಗೊಡುವುದಿಲ್ಲ. ಇದು ಸುಳ್ಳೇ?"

"ಸುಳ್ಳಲ್ಲ, ಕೂತುಕೋ" ಎಂದರು ಗುರುಗಳು. ಅವನು ಕುಳಿತ ಮೇಲೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ರೇಡಿಯೋ ಮಾಡಿ ಮಾರುವವನೊಬ್ಬನಿದ್ದ. ತಂತಿ ಬೆಸೆಯುವುದರಲ್ಲಿ ಅವನ ಕೈ ಪಳಗಿತ್ತು. ಅವನ ರೇಡಿಯೋ ಹಾಡಿದರೆ ಹಾಡುವವರು ಎದುರಿಗೇ ಕುಳಿತ ಹಾಗಿರುತ್ತಿತ್ತು. ಆದರೆ ಪೆಟ್ಟಿಗೆಗೆ ಕಪ್ಪು ಬಳಿಯುತ್ತಿದ್ದ. ಕೊಳೆ ಕಾಣುವುದಿಲ್ಲ ಎಂಬುದು ಅವನ ಎಣಿಕೆ. ಜನ ಬಂದು, ಕೇಳಿ, ತಲೆದೂಗಿ, ಬರಿಗೈಲಿ ಹೋಗುತ್ತಿದ್ದರು. ಆ ಸಲದ ಮದುವೆಯ ಕಾಲ ಮುಗಿಯುವುದರೊಳಗೆ ಮಾರದಿದ್ದರೆ ಅಂಗಡಿ ಮುಚ್ಚಬೇಕಿತ್ತು.

ಅವನ ಹೆಂಡತಿ ಹೇಳಿದಳು: "ಜನ ರೇಡಿಯೋ ಕೊಳ್ಳುವುದು ಮಗಳ ಮದುವೆಗೆ, ಇಲ್ಲವೇ ಹೊಸ ಮನೆಗೆ. ಈ ಕರಿ ಪೆಟ್ಟಿಗೆಯನ್ನು ಮದುಮಗಳ ಕೈಗೆ ಯಾರು ಕೊಡುತ್ತಾರೆ? ಶನಿದೇವರಿಗೆ ಹರಕೆ ಒಪ್ಪಿಸಿದ ಹಾಗಿರುತ್ತದೆ. ಅರಿಸಿನದ ಬಣ್ಣ ಬಳಿದು ನೋಡಿ."

"ಬಣ್ಣ ಹಾಡುತ್ತದೇನೇ?"

"ಹಾಡುವುದಿಲ್ಲ. ಹೊಸಿಲು ದಾಟಿಸುತ್ತದೆ."

ಅವನು ಬಳಿದ. ಒಂದೇ ತಿಂಗಳಲ್ಲಿ ಇದ್ದುದೆಲ್ಲ ಮಾರಾಟವಾಯಿತು. ದೂರದ ಊರುಗಳವರೂ ಬಂದರು. ರೇಡಿಯೋ ಕೊಡು ಎನ್ನುವುದು ಹೋಗಿ, ಹಳದಿ ಕೊಡು ಎಂದರೆ ಸಾಕಾಯಿತು.

ಮರುವರ್ಷ ಬಂದವರು ಹಾಡಿಸಿ ನೋಡುವುದನ್ನೇ ಬಿಟ್ಟರು. ಅದನ್ನು ಅವನು ಗಮನಿಸಿದ. ಬಣ್ಣವನ್ನು ಮೂರು ಸಲ ಬಳಿದ, ಬೆಸುಗೆಯನ್ನು ಅವಸರದಲ್ಲಿ ಮುಗಿಸಿದ. ಅವೂ ಮಾರಾಟವಾದವು.

ಆಯುಧಪೂಜೆ ಬಂತು. ಮನೆಮನೆಯಲ್ಲಿ ಹಳದಿ ಪೆಟ್ಟಿಗೆಗೆ ಕುಂಕುಮವಿಟ್ಟು ಗುಂಡಿ ತಿರುವಿದರು. ಬೆಸುಗೆ ಬಿಟ್ಟುಹೋಗಿತ್ತು, ಸದ್ದೇ ಇಲ್ಲ. ವಾರದ ಮೇಲೆ ಒಬ್ಬ ರೈತ ಕುಂಕುಮ ಸಮೇತ ಪೆಟ್ಟಿಗೆಯನ್ನು ತಂದು ಅಂಗಡಿಯ ಮುಂದಿಟ್ಟ.

"ಬೀಗರು ವಾಪಸ್ ಕಳಿಸಿದ್ದಾರೆ. ನಿಮ್ಮಪ್ಪ ಮೂಕ ಪೆಟ್ಟಿಗೆ ಕೊಟ್ಟ ಅಂತ ನನ್ನ ಮಗಳನ್ನು ದಿನಾ ಆಡಿಕೊಳ್ಳುತ್ತಾರಂತೆ" ಎಂದ. ಬೈಯಲಿಲ್ಲ. ಇಟ್ಟು ಹೋದ.

ಅಲ್ಲಿಂದಾಚೆಗೆ ಹಳದಿ ಕಂಡರೆ ಜನ ಪಕ್ಕದ ಅಂಗಡಿ ಹತ್ತತೊಡಗಿದರು.

"ಹಸಿರು ಬಳಿಯೋಣ. ಬಳೆಯ ಬಣ್ಣ, ಅದೂ ಮಂಗಳವೇ. ಯಾರಿಗೂ ಗುರುತು ಸಿಗುವುದಿಲ್ಲ" ಎಂದಳು ಹೆಂಡತಿ.

"ಅದಕ್ಕೇ ಬೇಡ. ಬಣ್ಣ ನನ್ನ ಪರವಾಗಿ ಮಾತು ಕೊಟ್ಟಿತ್ತು, ತಪ್ಪಿದವನು ನಾನು. ಗುರುತು ಸಿಗಲಿ."

ಅವನು ಊರೂರಿಗೆ ಹೋಗಿ ಮೂಕ ಪೆಟ್ಟಿಗೆಗಳನ್ನು ಕೇಳಿ ತಂದ. ಒಂದೊಂದನ್ನೂ ಬಿಚ್ಚಿ ಹೊಸದಾಗಿ ಬೆಸೆದ. ಮೇಲೆ ಅದೇ ಹಳದಿ ಬಳಿದ. ರೈತನ ಬೀಗರ ಮನೆಗೆ ತಾನೇ ಹೊತ್ತುಕೊಂಡು ಹೋದ. ಅಂಗಳದಲ್ಲಿ ಎಲ್ಲರೆದುರು ಹಾಡಿಸಿ, "ತಪ್ಪು ಈ ಹೆಣ್ಣುಮಗಳ ತಂದೆಯದಲ್ಲ, ನನ್ನದು" ಎಂದು ಕೈಮುಗಿದ.

ಎರಡು ವರ್ಷ ಕೊಳ್ಳಲು ಒಬ್ಬರೂ ಬರಲಿಲ್ಲ. ಬೇರೆಯವರು ಮಾಡಿದ ರೇಡಿಯೋಗಳನ್ನು ರಿಪೇರಿ ಮಾಡಿ ಹೊಟ್ಟೆ ಹೊರೆದ. ಆದರೂ ಪ್ರತಿದಿನ ಬಾಗಿಲು ತೆಗೆದು, ಹಳದಿ ಪೆಟ್ಟಿಗೆಗಳನ್ನು ಬೀದಿಗೆ ಕಾಣುವಂತೆ ಜೋಡಿಸಿ ಕೂರುತ್ತಿದ್ದ.

ಮೂರನೆಯ ವರ್ಷ ಆ ರೈತನೇ ಎರಡನೆಯ ಮಗಳ ಮದುವೆಗೆಂದು ಬಂದ. ಹಳದಿಯದೊಂದನ್ನು ಕೈಗೆತ್ತಿಕೊಂಡ.

"ಮೊದಲು ಹಾಡಿಸು" ಎಂದ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನನ್ನ ಕಾವಿ, ಬುದ್ಧಿ?" ಎಂದ ಮರಿದೇವ.

"ಅಗೋ, ಗೂಟದ ಮೇಲಿದೆ, ಈಗಲೇ ಉಟ್ಟುಕೋ. ಆದರೆ ಅದನ್ನು ನೋಡಿ ಬಂದವರು ನಿನ್ನಿಂದ ಬರಿಗೈಲಿ ಹೋದ ದಿನ ಬೇರೆ ಬಣ್ಣ ಹುಡುಕುವಂತಿಲ್ಲ, ಅಷ್ಟೇ."

ಮರಿದೇವ ಗೂಟದ ಕಡೆ ನೋಡಿದ. ಕೈ ಚಾಚಲಿಲ್ಲ.