ಕೊಡೆಯ ಚಿತ್ರವಿದ್ದ ಫೈಲು

ಮಲಪ್ರಭೆಯ ದಂಡೆಯ ಮೇಲೆ ಒಂದು ಚಿಕ್ಕ ಆಶ್ರಮ. ಅಲ್ಲಿ ಅಡಿವೆಯ್ಯ ಎಂಬ ಗುರುಗಳಿದ್ದರು.

ಪ್ರತಿ ಸೋಮವಾರ ಅವರು ನಾಲ್ಕು ಮಾತು ಹೇಳುತ್ತಿದ್ದರು. ಶಿಷ್ಯೆ ಮಹಾನಂದೆ ಅದನ್ನು ಕಂಪ್ಯೂಟರಿನಲ್ಲಿ ಬರೆದು ಮುನ್ನೂರು ಓದುಗರಿಗೆ ಇಮೇಲ್ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಗೆಳತಿ ಶಕುಂತಲೆಯಿಂದ ಒಂದು ಇಮೇಲ್ ಬಂತು.

'ಎಚ್ಚರಿಕೆ. ಕೊಡೆಯ ಚಿತ್ರವಿರುವ ಫೈಲೊಂದು ನಿಮ್ಮ ಕಂಪ್ಯೂಟರಿನಲ್ಲಿ ಅಡಗಿದೆ. ಅದು ವೈರಸ್. ದೊಡ್ಡ ದೊಡ್ಡ ಕಂಪನಿಗಳೇ ಅದರ ಮುಂದೆ ಕೈಚೆಲ್ಲಿವೆ. ಹದಿನಾಲ್ಕು ದಿನಗಳಲ್ಲಿ ನಿಮ್ಮದೆಲ್ಲವನ್ನೂ ಅಳಿಸಿಹಾಕುತ್ತದೆ. ಈಗಲೇ ತೆಗೆಯಿರಿ. ಗೊತ್ತಿರುವ ಎಲ್ಲರಿಗೂ ತಕ್ಷಣ ತಿಳಿಸಿ.'

ಮಹಾನಂದೆ ಹುಡುಕಿದಳು. ಕೊಡೆಯ ಚಿತ್ರದ ಫೈಲು ನಿಜಕ್ಕೂ ಇತ್ತು.

ಫೈಲನ್ನು ಅಳಿಸಿದಳು. ಆಶ್ರಮದ ಹೆಸರಿನಲ್ಲಿ ಮುನ್ನೂರು ಮಂದಿಗೂ ಆ ಎಚ್ಚರಿಕೆಯನ್ನು ಕಳಿಸಿದಳು. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಊಟ ಮಾಡಿದಳು.

ಮೂರನೆಯ ದಿನ ಓದುಗರಲ್ಲೊಬ್ಬರಾದ ಚೆನ್ನಬಸಯ್ಯ ಮೇಷ್ಟ್ರ ಫೋನ್ ಬಂತು. ಮೇಷ್ಟ್ರಿಗೆ ಕಣ್ಣು ಕಾಣದು. ಪರದೆಯ ಮೇಲಿನ ಅಕ್ಷರಗಳನ್ನು ಅವರ ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅದನ್ನು ಕೇಳಿಸಿಕೊಂಡೇ ಅವರು ಮಕ್ಕಳಿಗೆ ಚರಿತ್ರೆಯ ಪಾಠ ಹೇಳುತ್ತಿದ್ದರು.

"ತಾಯಿ, ಆಶ್ರಮದ ಮಾತು ಅಂತ ಸೊಸೆ ಕೈಯಲ್ಲಿ ಆ ಫೈಲು ತೆಗೆಸಿದೆ," ಎಂದರು. "ಅವತ್ತಿನಿಂದ ಕಂಪ್ಯೂಟರು ಮಾತೇ ಆಡುತ್ತಿಲ್ಲ. ಪಾಠ ನಿಂತಿದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಹಾನಂದೆಗೆ ಅದೇ ಹೆಚ್ಚು ಚುಚ್ಚಿತು.

ಅವಳು ಪೇಟೆಗೆ ಹೋಗಿ, ಕಂಪ್ಯೂಟರು ರಿಪೇರಿ ಮಾಡುವ ದಾವಲಸಾಬರನ್ನು ಕೇಳಿದಳು.

"ಅದು ವೈರಸ್ ಅಲ್ಲಮ್ಮ. ಕಂಪ್ಯೂಟರಿಗೆ ಬಾಯಿ ಕೊಡುವ ಫೈಲು," ಎಂದರು ಅವರು. "ಎಲ್ಲ ಕಂಪ್ಯೂಟರಿನಲ್ಲೂ ಇರುತ್ತದೆ. ಅದಕ್ಕೇ ಹುಡುಕಿದವರಿಗೆಲ್ಲ ಸಿಗುತ್ತದೆ, ಹೆದರಿಕೆ ನಿಜ ಅನ್ನಿಸುತ್ತದೆ."

ಮಹಾನಂದೆ ಗುರುಗಳ ಮುಂದೆ ಬಂದು ಎಲ್ಲವನ್ನೂ ಹೇಳಿದಳು.

"ಯಾರ ಮಾತು ನಂಬಿದೆ?" ಎಂದು ಗುರುಗಳು ಕೇಳಿದರು.

"ಶಕುಂತಲೆಯದು. ಅವಳು ಸುಳ್ಳು ಹೇಳುವವಳಲ್ಲ."

"ವೈರಸ್ಸನ್ನು ಅವಳು ಕಂಡಿದ್ದಳೇ?"

"ಕೇಳಲಿಲ್ಲ."

ಗುರುಗಳು ಫೋನನ್ನು ಅವಳ ಮುಂದೆ ಸರಿಸಿದರು.

ಶಕುಂತಲೆ ಕಂಡಿರಲಿಲ್ಲ. ಅವಳ ಭಾವ ಕಳಿಸಿದ್ದರಂತೆ. ಭಾವನಿಗೆ ಅವರ ಕಚೇರಿಯ ಮೇಲಧಿಕಾರಿ, ಅವರಿಗೆ ಒಬ್ಬ ವೈದ್ಯರು. ಮಹಾನಂದೆ ಬಿಡಲಿಲ್ಲ. ಎರಡು ದಿನ ಒಬ್ಬರಿಂದ ಒಬ್ಬರಿಗೆ ಕೇಳುತ್ತ ಹೋದಳು. ಒಂಬತ್ತನೆಯವರು ನಿವೃತ್ತ ಪೋಸ್ಟ್ ಮಾಸ್ತರರು.

"ಯಾರು ಕಳಿಸಿದರೋ ನೆನಪಿಲ್ಲಮ್ಮ," ಎಂದರು ಅವರು. "ಯಾರೋ ಒಳ್ಳೆಯವರೇ ಇರಬೇಕು."

ಅವಳು ಮರಳಿ ಗುರುಗಳ ಬಳಿ ಬಂದಳು.

"ಒಂಬತ್ತು ಜನರೂ ಒಳ್ಳೆಯವರು, ಗುರುಗಳೇ. ಒಬ್ಬರೂ ಕಂಡಿಲ್ಲ."

"ಹಾಗಾದರೆ ವೈರಸ್ ಎಲ್ಲಿತ್ತು?"

"ಆ ಪತ್ರದಲ್ಲೇ ಇತ್ತು," ಎಂದಳು ಮಹಾನಂದೆ. "ಹರಡಿದವಳು ನಾನು."

"ಈಗೇನು ಮಾಡುತ್ತೀ?"

"ಸರಿಮಾಡುತ್ತೇನೆ. ಒಬ್ಬರನ್ನೂ ಬಿಡದೆ."

ಅವಳು ಕೂತು ಬರೆದಳು. 'ಹಿಂದಿನ ಎಚ್ಚರಿಕೆ ಸುಳ್ಳು. ಆ ಫೈಲನ್ನು ಅಳಿಸಬೇಡಿ. ಗೊತ್ತಿರುವ ಎಲ್ಲರಿಗೂ ಇದನ್ನು ತಕ್ಷಣ ತಿಳಿಸಿ. ಇಂತಿ, ಆಶ್ರಮ.'

ಗುರುಗಳು ಕನ್ನಡಕ ಹಾಕಿಕೊಂಡು ಓದಿದರು.

"ಇದನ್ನು ಮಾತ್ರ ಅವರು ಯಾಕೆ ನಂಬಬೇಕು?"

ಮಹಾನಂದೆ ತಾನು ಬರೆದದ್ದನ್ನು ಮತ್ತೆ ಓದಿದಳು. ಮುಖ ಕೆಂಪಾಯಿತು. ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆದಳು.

'ನಾನು ಮಹಾನಂದೆ. ಯಾರನ್ನೂ ಕೇಳದೆ ನಿಮಗೆ ಸುಳ್ಳು ಎಚ್ಚರಿಕೆ ಕಳಿಸಿದೆ. ಅದು ಸುಳ್ಳೆಂದು ನನಗೆ ತೋರಿಸಿಕೊಟ್ಟವರು ದಾವಲಸಾಬರು. ಅವರ ಅಂಗಡಿಯ ಫೋನ್ ನಂಬರ್ ಕೆಳಗಿದೆ, ನನ್ನದೂ ಇದೆ. ನನ್ನ ಮಾತನ್ನೂ ಹಾಗೇ ನಂಬಬೇಡಿ. ಕೇಳಿ ನೋಡಿ.'

ಗುರುಗಳು ಕನ್ನಡಕ ತೆಗೆದಿಟ್ಟು ಸ್ನಾನಕ್ಕೆಂದು ಹೊಳೆಗೆ ಇಳಿದು ಹೋದರು.

ಪತ್ರ ಹೋಯಿತು. ಉತ್ತರ ಬರೆಯದವರಿಗೆ ಮಹಾನಂದೆ ದಿನವೂ ಫೋನ್ ಮಾಡಿದಳು. ಕೆಲವರು ನಕ್ಕರು. ಒಬ್ಬರು ಅರ್ಧ ಗಂಟೆ ಬೈದರು. ಅವಳು ಫೋನ್ ಇಡದೆ ಕೇಳಿಸಿಕೊಂಡು, ಫೈಲನ್ನು ಮತ್ತೆ ಹಾಕುವ ಬಗೆ ತಿಳಿಸಿ, ಮುಂದಿನ ಹೆಸರಿಗೆ ಹೋದಳು.

ದಾವಲಸಾಬರು ಆ ಫೈಲನ್ನು ಒಂದು ಸಿ.ಡಿ.ಗೆ ಹಾಕಿಕೊಟ್ಟರು. ಎರಡು ಬಸ್ಸು ಬದಲಿಸಿ ಅವಳು ಮೇಷ್ಟ್ರ ಮನೆ ಮುಟ್ಟಿದಳು. ಮೊದಲ ಸಲ ಫೈಲು ಸೇರಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಸೊಸೆ ಊಟಕ್ಕೆ ಕರೆದರೂ ಏಳಲಿಲ್ಲ.

ಸಂಜೆಯ ಹೊತ್ತಿಗೆ ಕಂಪ್ಯೂಟರು ಒಂದು ಸಾಲನ್ನು ಗಟ್ಟಿಯಾಗಿ ಓದಿತು.

ಮೇಷ್ಟ್ರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಇಡೀ ಪುಟ ಮುಗಿಯುವ ತನಕ ಕೇಳಿಸಿಕೊಂಡರು.

"ಬಂದದ್ದು ದೊಡ್ಡ ಉಪಕಾರ, ತಾಯಿ," ಎಂದರು ಆಮೇಲೆ. "ಆದರೆ ಒಂದು ಮಾತು. ಇನ್ನು ಮುಂದೆ ಆಶ್ರಮದಿಂದ ಏನೇ ಬಂದರೂ ನಾನು ಫೋನ್ ಮಾಡಿ ಕೇಳುವವನೇ. ಗುರುಗಳು ಹೇಳಿದ್ದಾದರೂ ಸರಿ, ಅದು ಹೇಗೆ, ಯಾಕೆ ಅಂತ ಕೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ."

ಮಹಾನಂದೆ ತಲೆ ತಗ್ಗಿಸಿ ಹೊರಟಳು.

ಮರುದಿನ ಗುರುಗಳ ಮುಂದೆ ನಿಂತಾಗ ಅವಳ ಕಣ್ಣು ತುಂಬಿತ್ತು.

"ಫೈಲು ಸರಿಹೋಯಿತು, ಗುರುಗಳೇ. ಆದರೆ ನನ್ನ ತಪ್ಪಿನಿಂದ ಮೇಷ್ಟ್ರು ಇನ್ನು ನಿಮ್ಮ ಮಾತನ್ನೂ ಹಾಗೇ ಒಪ್ಪುವುದಿಲ್ಲವಂತೆ. ಪ್ರತಿಯೊಂದನ್ನೂ ಪ್ರಶ್ನೆ ಮಾಡುತ್ತಾರಂತೆ."

ಅಡಿವೆಯ್ಯನವರ ಮುಖ ಅರಳಿತು.

"ಹಾಗಾದರೆ ಮುನ್ನೂರು ಓದುಗರಲ್ಲಿ ನನಗೊಬ್ಬ ಶಿಷ್ಯ ಸಿಕ್ಕ."