ಅಧ್ಯಕ್ಷರ ಹಾರಕ್ಕೆ ಯಾರ ಮೊಳ?

ವರ್ತಕರ ಸಂಘದ ಅಧ್ಯಕ್ಷ, ಜವಳಿ ಅಂಗಡಿಯ ನಂಜುಂಡಯ್ಯನವರು ಬಟ್ಟೆ ಅಳೆದರೆ ಮೊಳ ಮಣಿಕಟ್ಟಿಗೇ ಮುಗಿಯುತ್ತಿತ್ತು. ಅಲ್ಲಿ ಕೊಂಡ ಬಟ್ಟೆ ರವಿಕೆಗೆ ಸಾಲದೆ ಹೂವಾಡಗಿತ್ತಿ ಸಾಕಮ್ಮ ಕೇಳಲು ಹೋದಳು.

“ಮಾರುವವರ ಕೈಯೇ ಮೊಳ, ಸಾಕಮ್ಮ. ನಡುವೆ ಸರ್ಕಾರದ ಅಳತೆಗೋಲು ಯಾಕೆ? ನಾಳೆ ಸಭೆಯಲ್ಲಿ ಇದೇ ನನ್ನ ಭಾಷಣ. ನನಗೊಂದು ನಾಲ್ಕು ಮೊಳದ ಹಾರ ಕಟ್ಟಿ ತಾ.”

ಸಾಕಮ್ಮ ಮನೆಗೆ ಬಂದು, ತೊಟ್ಟಿಲಲ್ಲಿದ್ದ ಮೊಮ್ಮಗಳ ಕೈ ಹಿಡಿದು ಹಾರ ಅಳೆದಳು.

ಮರುದಿನ ಸಭೆಯಲ್ಲಿ ಹಾರ ಅಧ್ಯಕ್ಷರ ಪೇಟದ ಮೇಲೇ ಕೂತಿತು, ಕೆಳಗಿಳಿಯಲಿಲ್ಲ.

“ಇದು ಯಾರ ಮೊಳವೇ?”

“ಮೊಮ್ಮಗಳದು ಸ್ವಾಮಿ. ಹೂವಿನ ವ್ಯಾಪಾರ ಇನ್ನು ಅವಳದೇ.”

“ಹೀಗೆ ತಲೆಗೊಂದು ಮೊಳವಾದರೆ ಕೊಂಡವರ ಗತಿಯೇನು? ಊರಿಗೆಲ್ಲ ಒಂದೇ ಅಳತೆ ಬೇಡವೇ?”

ಸಭೆ ಚಪ್ಪಾಳೆ ತಟ್ಟಿತು.

“ಭಾಷಣ ಚೆನ್ನಾಗಿತ್ತು ಸ್ವಾಮಿ,” ಎಂದಳು ಸಾಕಮ್ಮ. “ಇನ್ನು ನನ್ನ ರವಿಕೆಯ ತೋಳಿಗೆ ಬಟ್ಟೆ ಕೊಡಿ.”