ಕೊಟ್ರೇಶ ನೇರ ಮಾಡಿದ ಸಾಲುಗಳು

ಹೊಳೆದಂಡೆಯ ಒಂದು ಆಶ್ರಮ. ಅಲ್ಲಿ ಸಿದ್ಧಯ್ಯ ಗುರುಗಳು ಪ್ರೋಗ್ರಾಂ ಬರೆಯುವ ವಿದ್ಯೆ ಕಲಿಸುತ್ತಿದ್ದರು.

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ದಂಡೆಯ ಸೈರನ್ನು ತಾನಾಗಿ ಕೂಗಬೇಕು. ಆ ಪ್ರೋಗ್ರಾಂ ಶಿಷ್ಯರೆಲ್ಲ ಸೇರಿ ಬರೆದದ್ದು.

ಯಾರು ಓದಿದರೂ ಅರ್ಥವಾಗುವಂತೆ ಹೇಗೆ ಬರೆಯಬೇಕೆಂದು ಗುರುಗಳು ಗೋಡೆಯ ಮೇಲೆ ನಿಯಮ ಹಾಕಿದ್ದರು. ಒಳಸಾಲಿನ ಮುಂದೆ ನಾಲ್ಕು ಜಾಗ ಬಿಡಿ. ಹೆಸರು ಮೊಟಕು ಮಾಡಬೇಡಿ. ಹೀಗೇ ಇನ್ನೂ ಹಲವು. ಶಿಷ್ಯ ಕೊಟ್ರೇಶನಿಗೆ ಎಲ್ಲವೂ ಬಾಯಿಪಾಠ.

ಒಂದು ಬೆಳಿಗ್ಗೆ ಅವನು ಓಡೋಡಿ ಬಂದ.

"ಗುರುಗಳೇ, ಮುಗಿಸೇಬಿಟ್ಟೆ! ಹಂಪಮ್ಮಕ್ಕ ಬರೆದದ್ದನ್ನೆಲ್ಲ ನೇರ ಮಾಡಿದೆ. ಎರಡು ಸಾವಿರ ಸಾಲು!"

"ಅವಳನ್ನ ಕೇಳಿದೆಯಾ?"

"ನಿಯಮ ಇದೆಯಲ್ಲ, ಕೇಳೋದೇನು?"

ಅಷ್ಟರಲ್ಲಿ ಒಳಗಿನಿಂದ ಹಿರಿಯ ಶಿಷ್ಯೆ ಹಂಪಮ್ಮ ಕೂಗಿದಳು.

"ಅಣೆಕಟ್ಟಿನ ಗೇಟು ತೆಗೆದರಂತೆ, ಫೋನ್ ಬಂತು! ಸೈರನ್ನು ಯಾಕೋ ಕೂಗವಲ್ದು!"

ಕೊಟ್ರೇಶ ಕೆಳಗೆ ನೋಡಿದ. ಹೊಳೆಯ ನಡುವಿನ ಬಂಡೆಗಳ ಮೇಲೆ ಹತ್ತಾರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನೀರು ಬರಲು ಕಾಲು ಗಂಟೆಯೂ ಇಲ್ಲ. ಅವನು ಒಳಗೆ ಓಡಿದ.

ಗುರುಗಳು ಪಂಚೆ ಎತ್ತಿ ಕಟ್ಟಿ ಮೆಟ್ಟಿಲಿಳಿದು ಓಡಿದರು. "ಮೇಲೆ ಬನ್ರವ್ವಾ!" ಎಂದು ಕೂಗಿದರು. ಹೊಳೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಒಳಗೆ ಹಂಪಮ್ಮ ಪರದೆಯ ಮೇಲೆ ಹುಡುಕುತ್ತಿದ್ದಳು. "ಏ ಕೊಟ್ರಾ, ಇಲ್ಲಿ 'ನೀಮ' ಅಂತ ಒಂದು ಹೆಸರಿತ್ತಲ್ಲ, ಎಲ್ಲಿ?"

"ಅದು ಯಾರಿಗೆ ಅರ್ಥ ಆಗುತ್ತೆ ಅಕ್ಕಾ? 'ನೀರಿನ ಮಟ್ಟ' ಅಂತ ಪೂರ್ತಿ ಬರೆದೆ."

"ಅಯ್ಯೋ ಪುಣ್ಯಾತ್ಮಾ!"

ಹಂಪಮ್ಮ ಹಳೆಯ ಹೆಸರನ್ನೇ ಬರೆದು ಗುಂಡಿ ಒತ್ತಿದಳು.

ಸೈರನ್ನು ಕೂಗಿತು! ದಂಡೆಗೆ ದಂಡೆಯೇ ನಡುಗುವಂತೆ ಕೂಗಿತು. ಹೆಂಗಸರು ಒದ್ದೆ ಬಟ್ಟೆ ಬಾಚಿಕೊಂಡು ದಡಬಡ ಮೇಲೆ ಹತ್ತಿದರು. ಕೊನೆಯವಳು ಮೆಟ್ಟಿಲು ಮುಟ್ಟುವುದಕ್ಕೂ ಕೆಂಪು ನೀರು ಬಂಡೆಗಳನ್ನು ಮುಳುಗಿಸುವುದಕ್ಕೂ ಸರಿಹೋಯಿತು.

ಗುರುಗಳು ಏದುಸಿರು ಬಿಡುತ್ತ ಬಂದರು. ಕೊಟ್ರೇಶ ಅವರ ಎದುರು ಬಂದು ನಿಂತ.

"ಗುರುಗಳೇ, ನಿಮ್ಮ ನಿಯಮಾನೇ ಪಾಲಿಸಿದೆ. ಹಾಗಾದರೆ ನಿಯಮವೇ ತಪ್ಪಾ?"

ಗುರುಗಳು ಪರದೆಯ ಮೇಲೆ, ಆ ಹೆಸರಿನ ಮೇಲೆ ಬರೆದಿದ್ದ ಟಿಪ್ಪಣಿಯ ಸಾಲಿಗೆ ಬೆರಳಿಟ್ಟರು.

"ಓದು."

"'ಈ ಹೆಸರು ಬದಲಿಸಬೇಡಿ. ಅಣೆಕಟ್ಟಿನ ಯಂತ್ರ ಇದೇ ಹೆಸರಿನಲ್ಲಿ ಸುದ್ದಿ ಕಳಿಸುತ್ತದೆ. ಹಂಪಮ್ಮ.'"

ಓದುತ್ತ ಓದುತ್ತ ಅವನ ದನಿ ಇಳಿಯಿತು.

"ಈ ಸಾಲನ್ನೂ ನೇರ ಮಾಡಿದೆಯಾ?"

"ಮಾಡಿದೆ ಗುರುಗಳೇ. ನಾಲ್ಕು ಜಾಗ ಬಿಟ್ಟು."

ಗುರುಗಳು ಒದ್ದೆ ಪಂಚೆಯ ತುದಿ ಹಿಂಡಿದರು.

"ಚೆಂದ ಕೂತಿದೆ. ಯಾರು ಬೇಕಾದರೂ ಸಲೀಸಾಗಿ ಓದಬಹುದು."